ಸಾರಾಯಿ ಅಂಗಡಿಯ ಹುಡುಗಿಯ ಹೆಸರು

1980ರಲ್ಲಿ ತೆರೆಕಂಡ ‘ವಂಡಿಚಕ್ಕರಂ’ ಎಂಬ ತಮಿಳು ಚಿತ್ರದಲ್ಲಿ ಒಂದು ಸಾರಾಯಿ ಅಂಗಡಿ ಇದೆ. ಚಿತ್ರದ ನಾಯಕ ಶಿವಕುಮಾರ್, ನಾಯಕಿ ಸರಿತಾ. ಅಂಗಡಿಯಲ್ಲಿ ಗಿರಾಕಿಗಳಿಗೆ ಸಾರಾಯಿ ಕೊಡುವ ಹುಡುಗಿಗೆ ಕತೆಯಲ್ಲಿ ಹೇಳಿಕೊಳ್ಳುವಂಥ ಜಾಗವೇನೂ ಇಲ್ಲ. ಒಂದು ಹಾಡು, ಕೆಲವು ದೃಶ್ಯ, ಒಂದಿಷ್ಟು ಮಾತು. ಅವಳ ಹೆಸರು ಸಿಲ್ಕ್.

ದಕ್ಷಿಣದಲ್ಲಿ ರೇಷ್ಮೆ ಎಂದರೆ ಮದುವೆಯ ಬಟ್ಟೆ, ಪೂಜೆಯ ಮಡಿ, ಕಾಂಚೀಪುರ, ಮೈಸೂರು. ಆ ಹುಡುಗಿಗೆ ತಮಿಳಿನಲ್ಲೇ ‘ಪಟ್ಟು’ ಎಂದು ಹೆಸರಿಟ್ಟಿದ್ದರೆ ಅದು ಯಾರದೋ ಮನೆಯ ಅಜ್ಜಿಯ ಹೆಸರಾಗಿಬಿಡುತ್ತಿತ್ತು. ಅದೇ ಬಟ್ಟೆಯನ್ನು ಇಂಗ್ಲಿಷಿನಲ್ಲಿ ಕರೆದದ್ದೇ ತಡ, ಮಡಿ ಕಳಚಿಹೋಗಿ ನುಣುಪು ಮಾತ್ರ ಉಳಿಯಿತು. ಹೆಸರು ಕೊಟ್ಟವರಿಗೂ ಅದು ಇಷ್ಟು ದೂರ ಹೋಗುತ್ತದೆಂದು ಅನಿಸಿರಲಾರದು. ಚಿತ್ರ ಬಿಡುಗಡೆಯಾಗಿ ಕೆಲವೇ ತಿಂಗಳಲ್ಲಿ ಅದು ಪಾತ್ರದ ಹೆಸರಾಗಿ ಉಳಿಯಲಿಲ್ಲ. ಪಾತ್ರ ಮಾಡಿದ ಹೆಣ್ಣಿನ ಮೇಲೆ ಹೋಗಿ ಕೂತಿತು, ಮತ್ತೆ ಇಳಿಯಲಿಲ್ಲ.

ಆ ಹೆಣ್ಣಿಗೆ ಹುಟ್ಟುವಾಗ ಇಟ್ಟ ಹೆಸರು ವಿಜಯಲಕ್ಷ್ಮಿ. ಆಂಧ್ರದ ಏಲೂರಿನ ಹತ್ತಿರದ ಕೊವ್ವಲಿ ಎಂಬ ಹಳ್ಳಿ. 1960ರ ಡಿಸೆಂಬರ್ 2. ಬಡ ಮನೆ. ಓದು ನಾಲ್ಕನೆಯ ತರಗತಿಗೆ ನಿಂತಿತು. ಇನ್ನೂ ಚಿಕ್ಕವಳಿರುವಾಗಲೇ ಮದುವೆ ಮಾಡಿದರು, ಆ ಮನೆಯಲ್ಲಿ ಬಾಳಲಾಗದೆ ಹೊರಬಿದ್ದಳು. ಅಲ್ಲಿಂದ ಸಂಬಂಧಿಯ ಮನೆಯ ಆಸರೆ ಹಿಡಿದು ಮದರಾಸಿಗೆ ಬಂದಳು. ಸಿನಿಮಾದಲ್ಲಿ ಮೊದಲು ಸಿಕ್ಕಿದ್ದು ಟಚಪ್ ಕೆಲಸ. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವುದರೊಳಗೆ ನಟಿಯ ಮುಖದ ಬೆವರು ಒತ್ತಿ, ಪೌಡರ್ ಸರಿಮಾಡಿ, ಕ್ಯಾಮೆರಾದ ಚೌಕಟ್ಟಿನಿಂದ ಸರಕ್ಕನೆ ಹೊರಗೆ ಸರಿಯಬೇಕು. ದಿನವಿಡೀ ಬೆಳಕಿನ ಪಕ್ಕದಲ್ಲೇ ಇದ್ದು ಒಮ್ಮೆಯೂ ಬೆಳಕಿಗೆ ಬೀಳಬಾರದ ಕೆಲಸ ಅದು.

ಆಕೆಯನ್ನು ಕಂಡುಹಿಡಿದವರು ತಾವೆಂದು ಹೇಳಿಕೊಳ್ಳಲು ಒಬ್ಬರಿಗಿಂತ ಹೆಚ್ಚು ಜನರಿಗೆ ಹಕ್ಕಿದೆ. ‘ಇಣಯೇ ತೇಡಿ’ ಎಂಬ ಮಲಯಾಳಂ ಚಿತ್ರದ ನಿರ್ದೇಶಕ ಆಂಟನಿ ಈಸ್ಟ್‌ಮನ್ ವಿಜಯಲಕ್ಷ್ಮಿಯನ್ನು ‘ಸ್ಮಿತಾ’ ಮಾಡಿದರು. ‘ವಂಡಿಚಕ್ಕರಂ’ ಬರೆದ ವಿನು ಚಕ್ರವರ್ತಿ ‘ಸಿಲ್ಕ್’ ಕೊಟ್ಟರು. ಎರಡೂ ಸೇರಿ ಸಿಲ್ಕ್ ಸ್ಮಿತಾ. ಎರಡನ್ನೂ ಇಟ್ಟವರು ಸಿನಿಮಾದವರು.

ಈ ವಿನು ಚಕ್ರವರ್ತಿ ಕನ್ನಡಕ್ಕೆ ಹೊರಗಿನವರಲ್ಲ. ತಮಿಳಿನಲ್ಲಿ ದಪ್ಪ ದನಿಯ ಖಳ ಮತ್ತು ಹಾಸ್ಯನಟರಾಗಿ ಹೆಸರಾಗುವ ಮೊದಲು ಅವರು ಪುಟ್ಟಣ್ಣ ಕಣಗಾಲರ ಬಳಿ ಕೆಲಸ ಮಾಡಿದ್ದರು. ಶ್ರೀಕೃಷ್ಣ ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ 1978ರಲ್ಲಿ ಲೋಕೇಶ್ ಅಭಿನಯದಲ್ಲಿ ಸಿನಿಮಾ ಆಯಿತಲ್ಲ, ಅದು ಮರುವರ್ಷ ತಮಿಳಿಗೆ ‘ರೋಸಾಪ್ಪೂ ರವಿಕ್ಕೈಕಾರಿ’ ಆಗಿ ಹೋದಾಗ ಅದರಲ್ಲಿ ಇವರ ಕೈ ಇತ್ತು. ಪೇಟೆಯ ರುಚಿ ಹತ್ತಿದ ಮರಂಕಿ, ಅವಳ ಆಸೆಗೆ ಪೇಟೆಯ ಸಾಮಾನು ಹೊತ್ತು ತರುವ ಗೆಂಡೆತಿಮ್ಮ, ಒಂದು ರವಿಕೆಗೂ ಒಂದು ಒಳಉಡುಪಿಗೂ ಇಡೀ ಊರು ಕಣ್ಣು ಕೆಕ್ಕರಿಸುವ ಬಗೆ — ಹೆಣ್ಣಿನ ಬಯಕೆಯನ್ನು ಊರು ಹೇಗೆ ನೋಡುತ್ತದೆ ಎಂಬುದನ್ನು ಆಲನಹಳ್ಳಿಯವರಷ್ಟು ಹತ್ತಿರದಿಂದ ಬರೆದವರು ಕಡಿಮೆ. ಆ ಕತೆಯಲ್ಲಿ ಪಳಗಿದ ಬರಹಗಾರ ಮರುವರ್ಷವೇ ಒಬ್ಬ ಸಾರಾಯಿ ಅಂಗಡಿಯ ಹುಡುಗಿಯನ್ನು ಬರೆದರು. ಮರಂಕಿಗೆ ಒಂದು ಇಡೀ ಕಾದಂಬರಿ ಸಿಕ್ಕಿತ್ತು. ಸಿಲ್ಕ್‌ಗೆ ಸಿಕ್ಕಿದ್ದು ಕೆಲವೇ ನಿಮಿಷ. ವಿನು ಅವರು ಸ್ಮಿತಾಗೆ ನಟನೆ ಹೇಳಿಕೊಟ್ಟರು, ಅವರ ಹೆಂಡತಿ ಇಂಗ್ಲಿಷ್ ಕಲಿಸಿದರು ಎಂಬುದನ್ನೂ ಇಲ್ಲಿ ಹೇಳಬೇಕು. ಈ ಕತೆಯಲ್ಲಿ ಕಲಿಸಿದವರು ಬಹಳ ಮಂದಿ ಇಲ್ಲ.

ಇಂಥ ಹುಡುಗಿಗೆ ಸಿನಿಮಾದಲ್ಲಿ ಜಾಗ ಮೊದಲೇ ಸಿದ್ಧವಾಗಿತ್ತು. ನಮ್ಮ ಸಿನಿಮಾ ಬಹುಕಾಲ ಹೆಣ್ಣನ್ನು ಎರಡು ಪಾಲು ಮಾಡಿ ಇಬ್ಬರು ನಟಿಯರಿಗೆ ಹಂಚಿತು. ಪ್ರೀತಿ, ತ್ಯಾಗ, ಕಣ್ಣೀರು, ಕೊನೆಯ ರೀಲಿನ ಮಂಗಳಸೂತ್ರ ನಾಯಕಿಗೆ. ಬಯಕೆ, ಬೆಳಕು, ಮದ್ಯದ ಲೋಟ ಇನ್ನೊಬ್ಬಳಿಗೆ. ಆ ಇನ್ನೊಬ್ಬಳು ‘ನಮ್ಮವಳಲ್ಲ’ ಎಂದು ತೋರಿಸಿಕೊಳ್ಳುವುದು ಮುಂಬಯಿಯಲ್ಲಿ ಸುಲಭವಿತ್ತು. ಕುಕ್ಕೂ ಆಂಗ್ಲೋ ಇಂಡಿಯನ್. ‘ಶ್ರೀ 420’ ಚಿತ್ರದ ಮಾಯಾ ಆದ ನಾದಿರಾ ಬಾಗ್ದಾದಿ ಯಹೂದಿ ಮನೆತನದವರು, ನಿಜ ಹೆಸರು ಫ್ಲಾರೆನ್ಸ್ ಎಝೆಕಿಯಲ್. ಹೆಲೆನ್ ಹುಟ್ಟಿದ್ದು ರಂಗೂನಿನಲ್ಲಿ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ತಾಯಿಯೊಂದಿಗೆ ಬರ್ಮಾದಿಂದ ಕಾಲ್ನಡಿಗೆಯಲ್ಲಿ ಅಸ್ಸಾಮಿಗೆ ಬಂದ ನಿರಾಶ್ರಿತ ಮಗು. ‘ಹೌರಾ ಬ್ರಿಡ್ಜ್’ 1958ರಲ್ಲಿ ಬಂದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ತೆರೆಯ ಮೇಲೆ ಅವರಿಗೆ ಚೀನೀ ಹುಡುಗಿಯ ವೇಷ, ಕಿಟ್ಟಿಯ ಹೆಸರು, ಚಿನ್ನದ ಬಣ್ಣದ ವಿಗ್ಗು. ನೋಡುಗನಿಗೆ ನೆಮ್ಮದಿ: ಇವಳು ನಮ್ಮ ಬೀದಿಯವಳಲ್ಲ, ನಾಳೆ ಬೆಳಿಗ್ಗೆ ಹಾಲಿನವನ ಮುಂದೆ ನಿಲ್ಲುವವಳಲ್ಲ.

ಮದರಾಸಿನಲ್ಲಿ ಅಷ್ಟು ಆಂಗ್ಲೋ ಇಂಡಿಯನ್ ವೇಷ ನಡೆಯಲಿಲ್ಲ. ಅಕ್ಕತಂಗಿಯರಾದ ಜ್ಯೋತಿಲಕ್ಷ್ಮಿ ಮತ್ತು ಜಯಮಾಲಿನಿ ತಮಿಳು, ತೆಲುಗು, ಕನ್ನಡ ಎನ್ನದೆ ಕುಣಿದರು. ಕನ್ನಡ ಚಿತ್ರಗಳ ಕೆಲಸ ಬಹುಮಟ್ಟಿಗೆ ಕೋಡಂಬಾಕ್ಕದಲ್ಲೇ ನಡೆಯುತ್ತಿದ್ದ ಕಾಲದಿಂದ ನಮ್ಮ ಪತ್ತೇದಾರಿ ಚಿತ್ರಗಳ ಕ್ಲಬ್ಬುಗಳಿಗೂ ಅದೇ ನೆಲ, ಅದೇ ಬಣ್ಣದ ದೀಪ. ಆದರೂ ಆ ನೃತ್ಯ ಕ್ಲಬ್ಬಿನೊಳಗೆ, ಕಳ್ಳಸಾಗಣೆದಾರನ ಅಡ್ಡೆಯೊಳಗೆ ಇತ್ತು. ಸ್ಮಿತಾ ಅದನ್ನು ಸಾರಾಯಿ ಅಂಗಡಿಗೆ ಇಳಿಸಿದರು. ವಿಗ್ಗಿಲ್ಲ, ವಿದೇಶಿ ಹೆಸರಿದ್ದರೂ ಮುಖ ಅಪ್ಪಟ ಗೋದಾವರಿ ಸೀಮೆಯದು. ಗೋಧಿಗಿಂತ ಗಾಢವಾದ ಮೈಬಣ್ಣ, ಅರ್ಧ ಮುಚ್ಚಿದ ಕಣ್ಣು, ಯಾವುದಕ್ಕೂ ಅವಸರವಿಲ್ಲದ ನಗು. ಬಿಳಿಯ ಹುಡುಗಿಯರನ್ನೇ ಚೆಲುವೆಯರೆಂದು ಮಾರುತ್ತಿದ್ದ ಉದ್ಯಮದಲ್ಲಿ ಬೀದಿಯ ಕೊನೆಯ ಮನೆಯಲ್ಲಿ ಇರಬಹುದಾದ ಹೆಣ್ಣೊಬ್ಬಳು ಕ್ಯಾಮೆರಾವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ನಾಚಿಕೆಯೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಕೆರಳಿಸಿದ್ದು ಬಹುಶಃ ಅದೇ.

1982 ಆಕೆಯ ವರ್ಷ. ಆ ವರ್ಷದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಎವಿಎಂನವರ ‘ಸಕಲಕಲಾ ವಲ್ಲವನ್’, ಕಮಲ್ ಹಾಸನ್‌ರ ಭಾರೀ ಯಶಸ್ಸಿನ ಮಸಾಲೆ ಚಿತ್ರ. ಅದರಲ್ಲಿ ಸ್ಮಿತಾ ಮತ್ತು ಕಮಲ್ ಕುಣಿದ ಒಂದು ಹಾಡು ಚಿತ್ರದ ಕತೆಯನ್ನು ಮರೆತವರಿಗೂ ನೆನಪಿದೆ. ಹಾಡಿದವರು ಎಸ್. ಜಾನಕಿ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಜಾನಕಿಯವರ ಇದೇ ಕಂಠ ಕನ್ನಡದ ಎಷ್ಟೋ ಸಾಧ್ವಿ ನಾಯಕಿಯರಿಗೆ ಜೋಗುಳ ಹಾಡಿದೆ, ದೇವರನಾಮ ಹಾಡಿದೆ. ಕಂಠಕ್ಕೆ ಮೈಲಿಗೆ ಇಲ್ಲ; ಅದು ಮನೆಗೆ ಹೋದರೆ ಜಾನಕಮ್ಮ. ತೆರೆಯ ಮೇಲೆ ಅದಕ್ಕೆ ಮೈ ಕೊಟ್ಟವರಿಗೆ ಹಾಗೆ ಮನೆಗೆ ಹೋಗುವ ಸೌಲಭ್ಯ ಇರಲಿಲ್ಲ. ಹಲವು ಚಿತ್ರಗಳಲ್ಲಿ ಸ್ಮಿತಾರ ಮಾತೂ ಬೇರೆಯವರದೇ ದನಿ. ಹಾಡು ಒಬ್ಬರದು, ಮಾತು ಇನ್ನೊಬ್ಬರದು, ಹೆಸರು ಒಂದು ಪಾತ್ರದ್ದು.

ಇನ್ನೊಂದು ಬಾಲು ಮಹೇಂದ್ರರ ‘ಮೂನ್ರಾಂ ಪಿರೈ’. ಬಾಲು ಮಹೇಂದ್ರ ನಿರ್ದೇಶಿಸಿದ ಮೊದಲ ಚಿತ್ರ 1977ರ ಕನ್ನಡದ ‘ಕೋಕಿಲ’ ಎಂಬುದು ಹಳಬರಿಗೆ ಗೊತ್ತು. ‘ಮೂನ್ರಾಂ ಪಿರೈ’ನಲ್ಲಿ ಶ್ರೀದೇವಿ ಅಪಘಾತದಲ್ಲಿ ನೆನಪು ಕಳೆದುಕೊಂಡು ಮನಸ್ಸಿನಲ್ಲಿ ಮಗುವಾದ ಹುಡುಗಿ. ವೇಶ್ಯಾಗೃಹ ಸೇರಿದ್ದ ಅವಳನ್ನು ಕಮಲ್ ಹಾಸನ್ ಪಾತ್ರದ ಶಾಲಾ ಮೇಷ್ಟ್ರು ಊಟಿ ಬಳಿಯ ಕೇತ್ತಿಗೆ ಕರೆತಂದು ಸಾಕುತ್ತಾನೆ. ಅದೇ ಶಾಲೆಯ ವಯಸ್ಸಾದ ಮುಖ್ಯೋಪಾಧ್ಯಾಯರ ಎಳೆಯ ಹೆಂಡತಿ ಸ್ಮಿತಾ. ಅವಳಿಗೆ ಈ ಮೇಷ್ಟ್ರ ಮೇಲೆ ಆಸೆ. ಅವನು ಒಲ್ಲೆ ಎನ್ನುತ್ತಾನೆ. ಚಿತ್ರವನ್ನು ಅಷ್ಟು ಎಚ್ಚರಿಕೆಯಿಂದ ಕಟ್ಟಿದ ನಿರ್ದೇಶಕರೂ ಹಳೆಯ ಪಾಲುಪಟ್ಟಿಯನ್ನು ಬಿಡಲಿಲ್ಲ ಎಂಬುದು ಕುತೂಹಲದ ಸಂಗತಿ. ನಾಯಕಿಯನ್ನು ಬಯಕೆಯೇ ಇಲ್ಲದ ಮಗುವನ್ನಾಗಿ ಮಾಡಿದಾಗ ಕತೆಯಲ್ಲಿ ಉಳಿದುಬಿಟ್ಟ ಬಯಕೆಯನ್ನು ಎಲ್ಲಾದರೂ ಇಡಬೇಕಲ್ಲ, ಅದನ್ನು ತಂದು ಮುಖ್ಯೋಪಾಧ್ಯಾಯರ ಮನೆಯಲ್ಲಿ ಇಟ್ಟರು.

ಆದರೆ ಆ ಪಾತ್ರವನ್ನು ಇಂದು ಮತ್ತೆ ನೋಡಿದರೆ ಕಾಣುವುದು ಬೇರೆ. ಕನಸಿನ ಹಾಡನ್ನು ಬದಿಗಿಡೋಣ. ಅದು ಗಲ್ಲಾಪೆಟ್ಟಿಗೆಗೆ ಕೊಟ್ಟ ಕಾಣಿಕೆ. ಹಾಡಿನ ಆಚೀಚೆ ಒಬ್ಬ ಹೆಣ್ಣು ಇದ್ದಾಳೆ. ತಂದೆಯ ವಯಸ್ಸಿನವನನ್ನು ಕಟ್ಟಿಕೊಂಡವಳು, ಚಳಿಯ ಊರಿನಲ್ಲಿ ಮಾಡಲು ಕೆಲಸವಿಲ್ಲದವಳು, ಮಾತಾಡಿಸಲು ನೆಪ ಹುಡುಕುವವಳು. ತಾನು ತಿರಸ್ಕೃತಳು ಎಂದು ಗೊತ್ತಾಗುವ ಗಳಿಗೆಯನ್ನು ಸ್ಮಿತಾ ಅತಿ ಮಾಡದೆ ದಾಟಿಸುತ್ತಾರೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಗಳು ಬಂದವು: ನಟನೆಗೆ ಕಮಲ್, ಛಾಯಾಗ್ರಹಣಕ್ಕೆ ಬಾಲು ಮಹೇಂದ್ರ. ಮರುವರ್ಷ ಹಿಂದಿಯಲ್ಲಿ ‘ಸದ್ಮಾ’ ಆದಾಗ ಬಾಲು ಮಹೇಂದ್ರ ಸ್ಮಿತಾರನ್ನೇ ಆ ಪಾತ್ರಕ್ಕೆ ಕರೆದೊಯ್ದರು.

ನಟಿಸಬಲ್ಲರು ಎಂಬುದು ಅದಕ್ಕೂ ಮೊದಲೇ ತಿಳಿದಿತ್ತು. 1981ರಲ್ಲಿ ಭಾರತಿರಾಜಾ ‘ಅಲೈಗಳ್ ಓಯ್‌ವದಿಲ್ಲೈ’ ಚಿತ್ರದಲ್ಲಿ ಆಕೆಗೆ ಎಲಿಜಬೆತ್ ಎಂಬ ಪಾತ್ರ ಕೊಟ್ಟಿದ್ದರು. ನಾಯಕಿಯ ಅತ್ತಿಗೆ, ಸಿಡುಕಿನ ಗಂಡನ ಹೆಂಡತಿ, ಮೈತುಂಬ ಸೀರೆ. ಕುಣಿತವಿಲ್ಲ. ಆ ಚಿತ್ರದಲ್ಲಿ ಕಾರ್ತಿಕ್ ಮತ್ತು ರಾಧಾ ಹೊಸಬರಾಗಿ ಬಂದು ತಾರೆಗಳಾದರು. ಸ್ಮಿತಾರಿಗೆ ಅಂಥ ಪಾತ್ರಗಳು ಅದರ ನಂತರ ಸಾಲುಗಟ್ಟಿ ಬರಲಿಲ್ಲ. ಅದೇ ಹೊತ್ತಿಗೆ ಆಕೆಯ ಹಾಡು ಏನು ಮಾರಬಲ್ಲದು ಎಂಬುದು ಕೋಡಂಬಾಕ್ಕಕ್ಕೆ ಗೊತ್ತಾಗಿಹೋಗಿತ್ತು.

ಆ ವ್ಯಾಪಾರ ಹೀಗೆ. ಆಗಿನ ದಕ್ಷಿಣದ ಚಿತ್ರಗಳನ್ನು ಹಂಚಿಕೆದಾರರು ಸೀಮೆವಾರು ಕೊಳ್ಳುತ್ತಿದ್ದರು. ಎಷ್ಟೋ ಸಲ ಚಿತ್ರ ಮುಗಿಯುವ ಮೊದಲೇ ಅವರ ಮುಂಗಡದಿಂದ ಚಿತ್ರೀಕರಣ ಸಾಗುತ್ತಿತ್ತು. ನಾಯಕನ ಕಾಲ್‌ಶೀಟ್ ವಾರಗಟ್ಟಲೆ ಬೇಕು, ಒಂದು ನೃತ್ಯಕ್ಕೆ ಕೆಲವೇ ದಿನ ಸಾಕು. ಹೆಸರಿಲ್ಲದ ನಾಯಕನ ಚಿತ್ರವಾಗಲಿ, ಅರ್ಧಕ್ಕೆ ನಿಂತು ಡಬ್ಬದಲ್ಲಿ ಕೂತ ಚಿತ್ರವಾಗಲಿ, ಸಿಲ್ಕ್‌ರ ಒಂದು ಹಾಡು ಸೇರಿಸಿದರೆ ಕೊಳ್ಳುವವರು ಸಿಗುತ್ತಿದ್ದರು. ಕತೆಗೂ ಆ ಹಾಡಿಗೂ ಸಂಬಂಧ ಇರಬೇಕೆಂದಿರಲಿಲ್ಲ. ಭಾಷೆಯ ತೊಡಕೂ ಇರಲಿಲ್ಲ. ಬೀಡಿನ ಹಾಗೆ ಒಂದೇ ಊರಲ್ಲಿ ನಾಲ್ಕು ಭಾಷೆಯ ಸ್ಟುಡಿಯೊ. ಬೆಳಿಗ್ಗೆ ತೆಲುಗಿನ ನೆಲ, ಸಂಜೆ ಮಲಯಾಳದ ನೆಲ. ಆಕೆಯ ಚಿತ್ರಗಳ ಸಂಖ್ಯೆಯನ್ನು ಸಾಮಾನ್ಯವಾಗಿ 450ಕ್ಕೂ ಹೆಚ್ಚು ಎಂದು ಹೇಳುತ್ತಾರೆ. 1980ರಿಂದ 1996ರವರೆಗೆ ಎಂದು ಹಿಡಿದರೆ ತಿಂಗಳಿಗೆ ಎರಡಕ್ಕೂ ಹೆಚ್ಚು ಚಿತ್ರ, ಹದಿನಾರು ವರ್ಷ ಬಿಡುವಿಲ್ಲದೆ. ಆಕೆ ಕಚ್ಚಿಟ್ಟ ಸೇಬು ಹರಾಜಾಯಿತು ಎಂಬ ಕತೆ ಹುಟ್ಟಿಕೊಂಡಿದ್ದೂ ಈ ದಿನಗಳಲ್ಲೇ. ನಿಜವೋ ಸುಳ್ಳೋ, ಅದನ್ನು ಹೇಳುವವರ ಬಾಯಲ್ಲಿ ನೀರೂರುವುದಂತೂ ನಿಜ.

ಪೋಸ್ಟರಿನಲ್ಲಿ ಆಕೆ ಇದ್ದರು, ಗೌರವದಲ್ಲಿ ಇರಲಿಲ್ಲ. ನಮ್ಮ ಭಾಷೆಗಳಲ್ಲಿ ಇದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ನಾಯಕಿ ‘ಬಂದರು’, ಸಿಲ್ಕ್ ‘ಬಂದಳು’. ಸಿನಿಮಾ ಪುಟಗಳಿಗೂ ಕಟ್ಟೆಯ ಹರಟೆಗೂ ಆ ವಿಷಯದಲ್ಲಿ ವ್ಯತ್ಯಾಸ ಇರಲಿಲ್ಲ. ಸಾರಾಯಿ ಅಂಗಡಿಯ ಪಾತ್ರಕ್ಕೆ ಸಲ್ಲುತ್ತಿದ್ದ ಏಕವಚನ ಹೆಸರಿನ ಜೊತೆಗೇ ನಟಿಗೂ ಬಂತು.

ಕನ್ನಡದ ಬಹುಪಾಲು ಮನೆಗಳು ಸ್ಮಿತಾರನ್ನು ಗುರುತಿಸುವುದು 1992ರ ‘ಹಳ್ಳಿ ಮೇಷ್ಟ್ರು’ ಚಿತ್ರದಿಂದ. ಭಾಗ್ಯರಾಜ್‌ರ ‘ಮುಂದಾನೈ ಮುಡಿಚ್ಚು’ ಚಿತ್ರದ ಕನ್ನಡ ರೂಪ, ನಾಯಕ ರವಿಚಂದ್ರನ್. ಅದರಲ್ಲಿ ಆಕೆ ಟೀಚರ್. ಅಕ್ಷರ ಕಲಿಯುವ ಹುರುಪು ಊರಿನ ಗಂಡಸರಿಗೆ ಇದ್ದಕ್ಕಿದ್ದ ಹಾಗೆ ಬಂದುಬಿಡುವುದೇ ಅಲ್ಲಿನ ತಮಾಷೆ. ಹೆಂಗಸರು, ಮಕ್ಕಳು ಕೂತು ನೋಡುವ ಚಿತ್ರದಲ್ಲಿ, ಸೀರೆಯುಟ್ಟು, ಕೈಯಲ್ಲಿ ಪುಸ್ತಕ ಹಿಡಿದಾಗಲೂ ನಗು ಹುಟ್ಟಬೇಕಾದದ್ದು ಆ ಹೆಸರಿನಿಂದಲೇ. ಟೀಚರ್ ಪಾತ್ರದಲ್ಲಿ ಬೇರೆ ನಟಿಯಿದ್ದರೆ ಬರೆದು ತೋರಿಸಬೇಕಾಗಿದ್ದ ಅರ್ಧ ಹಾಸ್ಯವನ್ನು ಸ್ಮಿತಾ ಬಾಗಿಲಲ್ಲಿ ಕಾಣಿಸಿಕೊಂಡೇ ಮುಗಿಸುತ್ತಿದ್ದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರಿಗೆ ಟೀಚರ್ ಪಾತ್ರ ಸಿಕ್ಕಿದ್ದು ಹೀಗೆ.

ಅಷ್ಟು ಹೊತ್ತಿಗೆ ಕೆಲಸವೇ ಬದಲಾಗುತ್ತಿತ್ತು. ಮುಂಬಯಿಯಲ್ಲಿ ಇದು ಎಪ್ಪತ್ತರ ದಶಕದಲ್ಲೇ ಆಗಿತ್ತು: ಝೀನತ್ ಅಮಾನ್, ಪರ್ವೀನ್ ಬಾಬಿ ಬಂದ ಮೇಲೆ ನಾಯಕಿಯೇ ಕುಣಿಯುತ್ತಾಳೆ, ನಾಯಕಿಯೇ ತುಂಡು ಬಟ್ಟೆ ತೊಡುತ್ತಾಳೆ, ಕ್ಲಬ್ಬಿನ ನರ್ತಕಿಗೆ ಕೆಲಸವೇನು? ಹೆಲೆನ್ ಆ ತಿರುವನ್ನು ದಾಟಿದರು. 1979ರ ‘ಲಹು ಕೆ ದೋ ರಂಗ್’ ಚಿತ್ರಕ್ಕೆ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿ, ಬೆನ್ನಿಗೆ ಒಂದು ಕುಟುಂಬ, 2009ರಲ್ಲಿ ಪದ್ಮಶ್ರೀ. ಮದರಾಸಿಗೆ ಅದೇ ಬದಲಾವಣೆ ಒಂದು ದಶಕ ತಡವಾಗಿ ಬಂತು. ಎಂಬತ್ತರ ಕೊನೆ, ತೊಂಬತ್ತರ ಮೊದಲ ವರ್ಷಗಳಲ್ಲಿ ದಕ್ಷಿಣದ ನಾಯಕಿಯರು ಎರಡೂ ಪಾಲನ್ನು ತಾವೇ ವಹಿಸಿಕೊಂಡರು. ಇದನ್ನು ಬಿಡುಗಡೆ ಎನ್ನುವವರಿದ್ದಾರೆ, ನಾಯಕಿಯರ ಮಟ್ಟಿಗೆ ಅದು ಹೌದೂ ಇರಬಹುದು. ಆದರೆ ಹೆಣ್ಣಿನ ಬಯಕೆಗೆ ಮರ್ಯಾದೆ ಬಂದ ಹೊತ್ತಿನಲ್ಲಿ, ಮರ್ಯಾದೆ ಇಲ್ಲದ ಕಾಲದಲ್ಲಿ ಅದನ್ನು ಹೊತ್ತವರಿಗೆ ಕೆಲಸ ತಪ್ಪಿತು.

ಮಲಯಾಳದಲ್ಲಿ ಮಾತ್ರ ಬೇಡಿಕೆ ಉಳಿಯಿತು, ಎರಡು ಬಗೆಯಲ್ಲಿ. ಒಂದು ಕಡೆ 1989ರ ‘ಲಯನಂ’ನಂಥ ಚಿತ್ರಗಳು; ಅದು ಹಿಂದಿಗೆ ‘ರೇಷ್ಮಾ ಕಿ ಜವಾನಿ’ ಎಂಬ ಹೆಸರಿನಲ್ಲಿ ಡಬ್ ಆಗಿ ಉತ್ತರದ ಬೆಳಗಿನ ಆಟಗಳನ್ನು ತುಂಬಿಸಿತು. ಸಿಲ್ಕ್ ಅಲ್ಲೂ ರೇಷ್ಮೆಯೇ ಆದದ್ದು ಆಕಸ್ಮಿಕ ಇರಲಾರದು. ಇನ್ನೊಂದು ಕಡೆ ‘ಅಥರ್ವಂ’, ಮಮ್ಮುಟ್ಟಿಯವರ ಜೊತೆ. 1995ರ ‘ಸ್ಫಟಿಕಂ’, ಮೋಹನ್‌ಲಾಲ್‌ರ ಜೊತೆ. ‘ಸ್ಫಟಿಕಂ’ ಇಂದಿಗೂ ಕೇರಳದಲ್ಲಿ ಜನ ಮತ್ತೆ ಮತ್ತೆ ನೋಡುವ ಚಿತ್ರ. ಅದರಲ್ಲಿ ಅಪ್ಪನ ಮೇಲೆ ಮುನಿದ ನಾಯಕನ ಪಕ್ಕದಲ್ಲಿ ಕುಣಿಯುವ ಹೆಣ್ಣು ಸ್ಮಿತಾ. ಹಾಡು ಹುರುಪಿನದು, ಮುಖದಲ್ಲಿ ಮಾತ್ರ ದಣಿವು ಕಾಣುತ್ತದೆ ಎಂದು ಕೆಲವರಿಗೆ ಅನಿಸುತ್ತದೆ. ಮುಂದೆ ಆದದ್ದು ಗೊತ್ತಿರುವುದರಿಂದ ಹಾಗೆ ಕಾಣುವುದೂ ಇರಬಹುದು.

ಸಂಪಾದಿಸಿದ್ದನ್ನು ಆಕೆ ಚಿತ್ರನಿರ್ಮಾಣದಲ್ಲಿ ಹೂಡಿದರು, ಕಳೆದುಕೊಂಡರು. 1996ರ ಸೆಪ್ಟೆಂಬರ್ 23ರಂದು ಚೆನ್ನೈಯ ತಮ್ಮ ಮನೆಯಲ್ಲಿ ತೀರಿಕೊಂಡದ್ದು ಕಂಡುಬಂತು. ಆತ್ಮಹತ್ಯೆ ಎಂದು ದಾಖಲಾಯಿತು. ವಯಸ್ಸು 35. ಮದರಾಸು ತನ್ನ ಹಳೆಯ ಹೆಸರು ಬಿಟ್ಟು ಚೆನ್ನೈಯಾದದ್ದು ಅದೇ ವರ್ಷ. ಕಾರಣವೇನು ಎಂದು ಆಗ ಶುರುವಾದ ಗುಸುಗುಸು ಮುಂದೆ ಎಷ್ಟೋ ವರ್ಷ ನಿಲ್ಲಲಿಲ್ಲ. ಅದರಲ್ಲಿ ಬಹುಪಾಲು ಬದುಕಿದ್ದಾಗ ಆಕೆಯ ಬಗ್ಗೆ ಆಡುತ್ತಿದ್ದ ಮಾತಿನ ಮುಂದುವರಿಕೆ.

ಹೆಸರು ಮಾತ್ರ ದುಡಿಯುತ್ತಲೇ ಹೋಯಿತು. 2011ರಲ್ಲಿ ಬಂದ ಹಿಂದಿಯ ‘ದಿ ಡರ್ಟಿ ಪಿಕ್ಚರ್’ ಬಿಡುಗಡೆಗೆ ಆರಿಸಿಕೊಂಡ ದಿನ ಡಿಸೆಂಬರ್ 2, ಸ್ಮಿತಾರ ಹುಟ್ಟಿದ ದಿನ. ನಾಯಕಿ ರೇಷ್ಮಾ ಎಂಬ ಹುಡುಗಿ. ಸಿನಿಮಾಕ್ಕೆ ಬಂದು ಸಿಲ್ಕ್ ಆಗುತ್ತಾಳೆ. ಕುಟುಂಬದವರು ತಕರಾರು ತೆಗೆದಾಗ ಚಿತ್ರತಂಡ ಇದು ಸ್ಮಿತಾರ ಜೀವನಚರಿತ್ರೆಯಲ್ಲ ಎಂದಿತು. ಆ ಸಮರ್ಥನೆಯಲ್ಲಿ ಒಂದು ವಿಚಿತ್ರ ನ್ಯಾಯ ಇದೆ. ‘ಸಿಲ್ಕ್’ ಮೂಲತಃ ಒಂದು ಕಲ್ಪಿತ ಪಾತ್ರದ ಹೆಸರೇ ತಾನೆ. ಕೊವ್ವಲಿಯ ವಿಜಯಲಕ್ಷ್ಮಿಗೆ ಅದರ ಮೇಲೆ ಹಕ್ಕು ಎಲ್ಲಿಂದ ಬರಬೇಕು? ಪಾತ್ರ ಮಾಡಿದ ವಿದ್ಯಾ ಬಾಲನ್‌ಗೆ ರಾಷ್ಟ್ರಪ್ರಶಸ್ತಿ ಬಂತು, ಅದಕ್ಕೆ ತಕ್ಕ ಅಭಿನಯವೇ ಅದು. ಮೂಲದವರಿಗೆ ಅಂಥ ಪ್ರಶಸ್ತಿ ಒಮ್ಮೆಯೂ ಬಂದಿರಲಿಲ್ಲ.

ಬೆನ್ನಿಗೇ ಮಲಯಾಳದಲ್ಲಿ ಒಂದು ಚಿತ್ರ ಬಂತು. 2013ರಲ್ಲಿ ಕನ್ನಡದಲ್ಲೂ ಬಂತು: ಪಾಕಿಸ್ತಾನದ ನಟಿ ವೀಣಾ ಮಲಿಕ್‌ರನ್ನು ಕರೆಸಿ, ಹಿಂದಿ ಚಿತ್ರದ ಹೆಸರನ್ನೂ ಸಿಲ್ಕ್ ಎಂಬ ಹೆಸರನ್ನೂ ಶೀರ್ಷಿಕೆಗೆ ಸೇರಿಸಿ ಮಾಡಿದ ಚಿತ್ರ. 2023ರಲ್ಲಿ ‘ಮಾರ್ಕ್ ಆಂಟನಿ’ ಎಂಬ ತಮಿಳು ಚಿತ್ರದಲ್ಲಿ ಕತೆ ಹಿಂದಿನ ಕಾಲಕ್ಕೆ ಹೋಗುತ್ತದೆ. ಬಸ್ಸಿನಲ್ಲಿ ಸ್ಮಿತಾರನ್ನು ಹೋಲುವ ಹೆಣ್ಣೊಬ್ಬಳು ಕಾಣಿಸುತ್ತಾಳೆ. ಕೆಲವೇ ನಿಮಿಷದ ದೃಶ್ಯ. ಚಿತ್ರಮಂದಿರದಲ್ಲಿ ಅದಕ್ಕೆ ಶಿಳ್ಳೆ ಹೊಡೆದ ಹುಡುಗರಲ್ಲಿ ಎಷ್ಟೋ ಮಂದಿ 1996ರ ನಂತರ ಹುಟ್ಟಿದವರು.